ಕೃಷ್ಣಾ ಸ್ಟೇಷನ್ನಿನ ಮೋತಿ



ಕಳೆದ ತಿಂಗಳು ಭಾನುವಾರದ ಧರ್ಮೋಪದೇಶ ತರಗತಿ ಮುಗಿದ ಮೇಲೆ ಪುಟ್ಟ ಹುಡುಗಿಯೊಬ್ಬಳು ನಮ್ಮ ನಿಲುವಂಗಿ ಹಿಡಿದು ಜಗ್ಗಿ, "ಫಾದರ್, ಕುದುರೆಗೆ ಅದರ ಯಜಮಾನನ ಮೇಲೆ ಪ್ರೀತಿ ಇರುತ್ತಾ, ಇಲ್ಲಾ ಅವನು ಹಾಕುವ ಹುಲ್ಲಿನ ಮೇಲೆ ಮಾತ್ರವಾ?" ಎಂದು ಕೇಳಿದಳು. ರಜೆಯಲ್ಲಿ ಊರಿಗೆ ಹೋದಾಗ ಜಾತ್ರೆಯಲ್ಲಿ ಕುದುರೆಯ ಮೇಲೆ ಕೂತು ಬಂದಿದ್ದಳಂತೆ. ಅವಳ ಅಣ್ಣ, "ಅದಕ್ಕೆ ಏನೂ ಗೊತ್ತಾಗಲ್ಲ, ಅದು ಪ್ರಾಣಿ" ಎಂದು ವಾದ ಹೂಡಿದ್ದನಂತೆ. ನಾವು ನಕ್ಕು, ಮುಂದಿನ ವಾರ ಹೇಳುತ್ತೇವೆ ಎಂದು ಕಳುಹಿಸಿದೆವು. ಮುಂದಿನ ವಾರವೂ ಹೇಳಲಾಗಲಿಲ್ಲ. ಆ ಪ್ರಶ್ನೆಯ ಹಿಂದೆ ನಮ್ಮದೇ ಒಂದು ಹಳೆಯ ಸಾಲ ಇದೆ. ಅದನ್ನು ಮಕ್ಕಳ ಮುಂದೆ ಐದು ನಿಮಿಷದಲ್ಲಿ ತೀರಿಸಲಾಗದು ಎಂದು ಇಲ್ಲಿ ಬರೆಯುತ್ತಿದ್ದೇವೆ.

ಗುರುದೀಕ್ಷೆ ಪಡೆದ ಹೊಸತರಲ್ಲಿ ನಮ್ಮನ್ನು ರಾಯಚೂರಿನ ಕಡೆಗೆ ಸಹಾಯಕ ಗುರುವಾಗಿ ಕಳುಹಿಸಿದ್ದರು. ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಹೊರಟರೆ ಶಕ್ತಿನಗರದ ದೊಡ್ಡ ಚಿಮಣಿಗಳು ಕಾಣುತ್ತವೆ, ಆಮೇಲೆ ಕೃಷ್ಣಾ ನದಿಯ ಉದ್ದನೆಯ ಸೇತುವೆ, ಸೇತುವೆ ದಾಟಿದರೆ ಕೃಷ್ಣಾ ಎಂಬ ಹೆಸರಿನದೇ ಸ್ಟೇಷನ್. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದರಾಸು ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ಕಾಲದ ಹಾದಿ ಇದು. ಸ್ಟೇಷನ್ ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿದೆ; ನಾವು ಹೋಗುತ್ತಿದ್ದಾಗ ಅದು ಆಂಧ್ರಪ್ರದೇಶದ ಮೆಹಬೂಬನಗರ ಜಿಲ್ಲೆ. ನದಿ ದಾಟಿದೊಡನೆ ಬೋರ್ಡುಗಳ ಅಕ್ಷರ ಬದಲಾಗುತ್ತದೆಯೇ ಹೊರತು ಮಾತು ಬದಲಾಗುವುದಿಲ್ಲ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೂ ರಾಯಚೂರು ಜಿಲ್ಲೆಗೇ ಸೇರಿದ್ದವು. ಮಕ್ತಲ್ ಪೇಟೆಯಲ್ಲಿ ಒಂದೇ ಅಂಗಡಿಯವನು ಒಬ್ಬರಿಗೆ ಕನ್ನಡದಲ್ಲಿ, ಇನ್ನೊಬ್ಬರಿಗೆ ತೆಲುಗಿನಲ್ಲಿ, ಮೂರನೆಯವರಿಗೆ ದಖ್ಖನಿ ಉರ್ದುವಿನಲ್ಲಿ ಲೆಕ್ಕ ಹೇಳುವುದನ್ನು ನಾವೇ ಕೇಳಿದ್ದೇವೆ.

ಆ ಭಾಗದಲ್ಲಿ ನಮ್ಮವರ ನಾಲ್ಕೇ ನಾಲ್ಕು ಮನೆಗಳಿದ್ದವು. ನೆರೆಯ ಧರ್ಮಪ್ರಾಂತ್ಯದವರ ಒಪ್ಪಿಗೆ ಪಡೆದು, ತಿಂಗಳಿಗೆ ಎರಡು ಶನಿವಾರ ಸಂಜೆ ಒಬ್ಬರ ಮನೆಯಲ್ಲಿ ಬಲಿಪೂಜೆ ಅರ್ಪಿಸಿ ಬರುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಮನೆ ಸ್ಟೇಷನ್ನಿನಿಂದ ಎರಡು ಮೈಲಿ ದೂರದ ಹಳ್ಳಿಯಲ್ಲಿ. ಬಸ್ಸು ಸಿಕ್ಕರೆ ಪುಣ್ಯ. ಸ್ಟೇಷನ್ನಿನ ಹೊರಗೆ ಬೇವಿನ ಮರದಡಿ ಒಂದೇ ಒಂದು ಟಾಂಗಾ ಉಳಿದಿತ್ತು. ಅದರ ಯಜಮಾನ ಅರವತ್ತು ದಾಟಿದ ಸಾಬರು, ಎಲ್ಲರಿಗೂ 'ಚಾಚಾ'. ಕುದುರೆಯ ಹೆಸರು ಮೋತಿ. ಬೂದು ಬಣ್ಣದ ಗಿಡ್ಡ ತಟ್ಟು. ಹೆಸರಿಗೆ ತಕ್ಕ ಹೊಳಪೇನೂ ಇರಲಿಲ್ಲ ಎಂದು ಮೊದಲ ದಿನ ನಮಗೆ ಅನ್ನಿಸಿತ್ತು.

ಮೊದಲ ದಿನವೇ ನಾವು ತಪ್ಪು ಮಾಡಿದೆವು. ಬಿಳಿ ನಿಲುವಂಗಿಯಲ್ಲಿ ನೇರವಾಗಿ ಅದರ ಎದುರಿಗೆ ಹೋಗಿ, ನಾಯಿಮರಿಯ ತಲೆ ಸವರುವಂತೆ ಹಣೆಗೆ ಕೈ ಚಾಚಿದೆವು. ಮೋತಿ ತಲೆ ಕೊಡವಿ ಎರಡು ಹೆಜ್ಜೆ ಹಿಂದೆ ಸರಿಯಿತು, ಟಾಂಗಾದ ಗಾಲಿ ಕಿರ್ ಎಂದಿತು.

"ಎದುರಿಗೆ ಬರಬ್ಯಾಡ್ರಿ ಫಾದರ್ ಸಾಬ್," ಎಂದರು ಚಾಚಾ. "ಅದಕ ಹಣಿ ಮುಂದಿಂದು ಕಾಣಂಗಿಲ್ಲ. ಹೆಗಲಿನ ಕಡಿಂದ ಬರ್ರಿ, ಮೊದಲ ಮಾತಾಡ್ರಿ, ಆಮ್ಯಾಲ ಕೈ ಹಚ್ಚರಿ."

ಶಾಲೆಯ ಮೆಟ್ಟಿಲನ್ನೇ ಹತ್ತದ ಚಾಚಾ ಹೇಳಿದ್ದು ಅಕ್ಷರಶಃ ನಿಜ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಅದಕ್ಕೆ ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಕಾಣದಿರುವುದು ಹಣೆಯ ಮುಂದಿನ ಒಂದಿಷ್ಟು ಜಾಗ ಮತ್ತು ಬಾಲದ ಹಿಂದಿನ ಜಾಗ. ಬೇಟೆಯ ಪ್ರಾಣಿಗಳಿಗೆ ಹೆದರಿ ಓಡುತ್ತಾ ಬದುಕಿದ ಜೀವ ಅದು. ಕಾಣದ ಕಡೆಯಿಂದ ಬಂದ ಕೈ ಅದಕ್ಕೆ ಪ್ರೀತಿಯ ಕೈಯೋ ಹುಲಿಯ ಪಂಜವೋ ಹೇಗೆ ತಿಳಿಯಬೇಕು?

ಟಾಂಗಾದಲ್ಲಿ ಎಲ್ಲಿ ಕೂರಬೇಕು ಎಂಬುದನ್ನೂ ಚಾಚಾನೇ ಕಲಿಸಿದರು. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಹೊಟ್ಟೆಯ ಪಟ್ಟಿ ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ಭಾರವೆಲ್ಲ ಕುದುರೆಯ ಬೆನ್ನಿಗೆ. ಹಿಂದಿನ ಸೀಟಿನಲ್ಲಿ ದಪ್ಪನೆಯ ಪ್ರಯಾಣಿಕರು ಕೂತಿದ್ದರೆ ನಮ್ಮನ್ನು ಮುಂದಕ್ಕೆ ಕರೆಯುತ್ತಿದ್ದರು, ತಾವು ಒಂದು ಗೇಣು ಸರಿದು ಕೂರುತ್ತಿದ್ದರು. ಏರು ಬಂದರೆ ಇಳಿದು ಪಕ್ಕದಲ್ಲಿ ನಡೆಯುತ್ತಿದ್ದರು. ಚಾಬೂಕು ಇತ್ತು, ಆದರೆ ಅದನ್ನು ನೊಣ ಓಡಿಸಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿದ್ದನ್ನು ನಾವು ಕಾಣಲಿಲ್ಲ. ಅವರು ಬಾಯಲ್ಲಿ ಮಾಡುತ್ತಿದ್ದ 'ಚ್ಚ್ ಚ್ಚ್' ಸದ್ದೇ ಮೋತಿಗೆ ಸಾಕಾಗುತ್ತಿತ್ತು. ನಾವು ಅದೇ ಸದ್ದು ಮಾಡಿ ನೋಡಿದೆವು. ಮೋತಿ ಕಿವಿಯನ್ನೂ ಅಲುಗಿಸಲಿಲ್ಲ. ಚಾಚಾ ಮನಸಾರೆ ನಕ್ಕರು.

ರಾತ್ರಿ ನಮ್ಮನ್ನು ಸ್ಟೇಷನ್ನಿಗೆ ಬಿಟ್ಟ ಮೇಲೆ ಅವರು ಮೊದಲು ಜೀನು ಇಳಿಸಿ, ಗೋಣಿತಟ್ಟಿನಿಂದ ಮೋತಿಯ ಬೆವರು ಒರೆಸಿ, ಹೆಗಲ ಮೇಲಿನ ಜಾಗವನ್ನು ಬೆರಳುಗಳಿಂದ ಕೆರೆಯುತ್ತಿದ್ದರು. ಆಗ ಮೋತಿಯ ಕೆಳತುಟಿ ಜೋತುಬಿದ್ದು ಕಣ್ಣು ಅರ್ಧ ಮುಚ್ಚುತ್ತಿತ್ತು. ಅಷ್ಟಾದ ನಂತರವೇ ನೆನೆಸಿದ ಹುರಳಿಯ ಚೀಲವನ್ನು ಅದರ ಮೋರೆಗೆ ಕಟ್ಟುವುದು. ಆಮೇಲೆ ತಮ್ಮ ಬೀಡಿ. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ. ನಮ್ಮ ಪ್ರಾರ್ಥನೆಯ ಗಂಟೆಗಳು ಅಷ್ಟು ಕ್ರಮವಾಗಿ ನಡೆಯುತ್ತಿದ್ದವು ಎಂದು ಹೇಳುವ ಧೈರ್ಯ ನಮಗಿಲ್ಲ.

ಹುಡುಗಿಯ ಪ್ರಶ್ನೆಗೆ ಓದಿದವರು ಕೊಟ್ಟಿರುವ ಉತ್ತರವನ್ನೂ ಇಲ್ಲೇ ಹೇಳಿಬಿಡಬೇಕು. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯರು ಹಾನ್ಸ್ ಎಂಬ ಕುದುರೆಗೆ ಲೆಕ್ಕ ಕಲಿಸಿದ್ದಾರೆಂದು ಊರೆಲ್ಲ ಸುದ್ದಿಯಾಯಿತು. ಎರಡು ಮೂರು ಕೂಡಿದರೆ ಎಷ್ಟು ಎಂದರೆ ಹಾನ್ಸ್ ಗೊರಸಿನಿಂದ ಐದು ಸಲ ನೆಲ ತಟ್ಟುತ್ತಿತ್ತು. 1904ರಲ್ಲಿ ಪಂಡಿತರ ಒಂದು ಸಮಿತಿಯೇ ಬಂದು ನೋಡಿ, ಮೋಸವೇನೂ ಕಾಣಲಿಲ್ಲ ಎಂದಿತು. ಕೊನೆಗೆ ಪ್ಫುಂಗ್‌ಸ್ಟ್ ಎಂಬ ಸಂಶೋಧಕರು ಗುಟ್ಟು ಕಂಡುಹಿಡಿದು 1907ರಲ್ಲಿ ಪ್ರಕಟಿಸಿದರು. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಎದುರಿಗಿದ್ದವನ ತಲೆ, ಉಸಿರು, ಮುಖ ಕೂದಲೆಳೆಯಷ್ಟು ಬದಲಾಗುವುದನ್ನು ಅದು ಓದುತ್ತಿತ್ತು. ಯಜಮಾನನಿಗೆ ತಾನು ಸಂಜ್ಞೆ ಕೊಡುತ್ತಿದ್ದೇನೆ ಎಂಬುದೇ ತಿಳಿದಿರಲಿಲ್ಲ. ಹಾನ್ಸ್ ಲೆಕ್ಕ ಬರದ ಕುದುರೆಯೇ ಇರಬಹುದು. ಮನುಷ್ಯನಿಗೆ ತನ್ನ ಮುಖದ ಬಗ್ಗೆ ತಿಳಿಯದ್ದನ್ನು ಆ ಕುದುರೆ ತಿಳಿದುಕೊಂಡಿತ್ತು. ಅದು ಲೆಕ್ಕಕ್ಕಿಂತ ದೊಡ್ಡ ವಿದ್ಯೆ ಎಂದು ನಮಗನ್ನಿಸುತ್ತದೆ.

ಇತ್ತೀಚೆಗೆ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನೇ ಇನ್ನಷ್ಟು ಶಿಸ್ತಿನಿಂದ ಪರೀಕ್ಷಿಸಿದ್ದಾರೆ. ಪರಿಚಿತ ವ್ಯಕ್ತಿಯ ಧ್ವನಿ ಕೇಳಿಸಿದರೆ ಕುದುರೆ ಆ ವ್ಯಕ್ತಿ ನಿಂತ ಕಡೆಗೇ ತಿರುಗುತ್ತದೆ, ಅಂದರೆ ಮುಖವೂ ಧ್ವನಿಯೂ ಅದರ ನೆನಪಿನಲ್ಲಿ ಒಟ್ಟಿಗೆ ಇವೆ. ಸಿಟ್ಟಿನ ಮುಖದ ಫೋಟೊ ತೋರಿಸಿದಾಗ ಅದರ ಎದೆಬಡಿತ ಏರುತ್ತದೆ ಎಂದು 2016ರಲ್ಲಿಯೂ, ಬೆಳಿಗ್ಗೆ ಯಾರ ಸಿಟ್ಟಿನ ಫೋಟೊ ನೋಡಿತ್ತೋ ಅದೇ ವ್ಯಕ್ತಿ ಕೆಲವು ಗಂಟೆಗಳ ನಂತರ ಸುಮ್ಮನೆ ಎದುರು ಬಂದರೂ ಅವರನ್ನು ಬೇರೆಯೇ ರೀತಿ ನೋಡುತ್ತದೆ ಎಂದು 2018ರಲ್ಲಿಯೂ ಬರೆದಿದ್ದಾರೆ. ಇದು ಪ್ರೀತಿಯೇ ಎಂದು ಅವರು ಹೇಳಿಲ್ಲ. ಯಂತ್ರದಲ್ಲಿ ಅಳೆಯಬಹುದಾದದ್ದನ್ನು ಅಳೆದು ಅಲ್ಲಿಗೆ ನಿಲ್ಲಿಸಿದ್ದಾರೆ. ಅದು ಸರಿಯೇ.

ಈಗ ನಮ್ಮ ಸಾಲದ ವಿಷಯಕ್ಕೆ ಬರುತ್ತೇವೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ಮಳೆಯನ್ನು ಉತ್ತರ ಕರ್ನಾಟಕದವರು ಇನ್ನೂ ಮರೆತಿಲ್ಲ. ರಾಯಚೂರು, ಮೆಹಬೂಬನಗರ, ಕರ್ನೂಲು ಎಲ್ಲ ಕಡೆ ಹಳ್ಳಕೊಳ್ಳಗಳು ಉಕ್ಕಿ, ಕೃಷ್ಣಾ ತುಂಗಭದ್ರಾ ನದಿಗಳು ಊರುಗಳಿಗೆ ನುಗ್ಗಿದವು. ಮಣ್ಣಿನ ಗೋಡೆಗಳು ನೆನೆದು ಸಾಲುಸಾಲಾಗಿ ಕುಸಿದವು. ಚಾಚಾರ ಮನೆಯ ಪಕ್ಕದ ತಗಡಿನ ಲಾಯದ ಗೋಡೆಯೂ ನಡುರಾತ್ರಿ ಕುಸಿಯಿತಂತೆ. ಅವರು ಕತ್ತಲಲ್ಲಿ ಮೊಣಕಾಲುದ್ದ ನೀರಿನಲ್ಲಿ ಹೋಗಿ, ಹಗ್ಗ ಕುಡುಗೋಲಿನಿಂದ ಕೊಯ್ದು, ಮೋತಿಯನ್ನು ಮನೆಯೊಳಗೇ ಕರೆತಂದರು. ಒಂದೇ ಕೋಣೆ; ಮಂಚದ ಮೇಲೆ ಹೆಂಡತಿ, ಸೊಸೆ, ಎರಡು ಮೊಮ್ಮಕ್ಕಳು; ಮಂಚಕ್ಕೆ ತಾಗಿ ಕುದುರೆ. "ರಾತ್ರಿ ಪೂರ ಒಂದ್ ಕಾಲು ಎತ್ತಿ ಇಡಲಿಲ್ಲ ನೋಡ್ರಿ. ಕೂಸಿನ ಕೈ ಅದರ ಕಾಲಿನ ಹತ್ರನ ಇತ್ತು. ಅದಕ ಗೊತ್ತಿತ್ತು," ಎಂದು ಆಮೇಲೆ ಚಾಚಾ ಹೇಳಿದರು. ಕುದುರೆ ನಿಂತೇ ನಿದ್ದೆ ಮಾಡಬಲ್ಲದು, ಅದರ ಕಾಲಿನ ಕೀಲುಗಳ ರಚನೆಯೇ ಹಾಗಿದೆ ಎಂದು ನಾವು ಓದಿದ ವಿಷಯ ಹೇಳಿದೆವು. ಚಾಚಾ ನಮ್ಮ ಮುಖ ನೋಡಿ ಸುಮ್ಮನಾದರು.

ಮಳೆ ನಿಂತ ಮೇಲೆ ಕಷ್ಟ ಶುರುವಾಯಿತು. ಒಟ್ಟಿದ್ದ ಜೋಳದ ಕಣಕಿ ಕೊಳೆತು ಬೂಷ್ಟು ಹಿಡಿಯಿತು. ಎಮ್ಮೆ ಅಂಥದ್ದನ್ನು ಹೇಗೋ ಅರಗಿಸಿಕೊಂಡೀತು, ಕುದುರೆಗೆ ಅದು ವಿಷ; ತಿಂದದ್ದನ್ನು ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಒಳ್ಳೆಯ ಮೇವಿನ ಬೆಲೆ ಏರಿತ್ತು. ಮಗ ಸಾಲ ಮಾಡಿ ಆಟೊ ತರಲು ಹೊರಟಿದ್ದ. ಮುಂಗಡಕ್ಕೆ ದುಡ್ಡು ಕಡಿಮೆ ಬಿದ್ದಿತ್ತು. ಅವನೇ ನಮ್ಮ ಬಳಿ ಬಂದು, "ಅಬ್ಬಾ ನಿಮ್ಮ ಮಾತು ಕೇಳ್ತಾರ ಫಾದರ್, ನೀವ ಒಂದ್ ಮಾತು ಹೇಳ್ರಿ" ಎಂದ.

ಗುರುಮಠದಲ್ಲಿ ನಾವು ಆಪ್ತ ಸಲಹೆಯ ಪಾಠವನ್ನೂ ಓದಿದ್ದೆವು. ಅದರಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಮೊದಲು ಕೇಳಬೇಕು, ಆಮೇಲೆ ಹೇಳಬೇಕು ಎಂಬುದೇ ಅದರ ಮೊದಲ ಪಾಠ. ಆದರೆ ಆ ಶನಿವಾರ ನಾವು ರೈಲಿನ ಅವಸರದಲ್ಲಿದ್ದೆವು. ಟಾಂಗಾದಲ್ಲಿ ಕೂತೇ ಬೆರಳು ಮಡಚಿ ಲೆಕ್ಕ ಹೇಳಿದೆವು: ದಿನಕ್ಕೆ ಹುರಳಿ ಇಷ್ಟು, ಕಣಕಿ ಇಷ್ಟು, ಲಾಳಕ್ಕೆ ಇಷ್ಟು; ಬರುವ ಬಾಡಿಗೆ ಇಷ್ಟೇ. ಮೊಮ್ಮಕ್ಕಳ ಶಾಲೆ ಇದೆ. ಮೋತಿಗೂ ವಯಸ್ಸಾಗುತ್ತಿದೆ, ಇನ್ನೆರಡು ವರ್ಷ ಹೋದರೆ ಕೊಳ್ಳುವವರೂ ಇರುವುದಿಲ್ಲ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಚಾಚಾ ಲಗಾಮು ಹಿಡಿದು ಮುಂದೆ ನೋಡುತ್ತಲೇ, "ಹೂಂ" ಎಂದರು. ನಾವು ಮಾತನಾಡುತ್ತಿದ್ದಷ್ಟು ಹೊತ್ತೂ ಮೋತಿಯ ಒಂದು ಕಿವಿ ಹಿಂದಕ್ಕೆ, ನಮ್ಮ ಕಡೆಗೇ ತಿರುಗಿತ್ತು. ಅದನ್ನು ನೋಡಿಯೂ ನಾವು ಗಮನಿಸಲಿಲ್ಲ.

ಎರಡು ವಾರ ಬಿಟ್ಟು ಹೋದಾಗ ಬೇವಿನ ಮರದಡಿ ಟಾಂಗಾ ಮೂಕಿ ನೆಲಕ್ಕಿಟ್ಟು ನಿಂತಿತ್ತು. ಮೋತಿಯನ್ನು ಕುರಿಗಾರರು ಕೊಂಡುಹೋಗಿದ್ದರು. ಆಟೊ ಬಂದಿತ್ತು, ಮುಂದೆ ಚೆಂಡುಹೂವಿನ ಹಾರ. ಮಗ ನಮ್ಮನ್ನು ಬಾಡಿಗೆ ತೆಗೆದುಕೊಳ್ಳದೆ ಕರೆದೊಯ್ದ, ಹತ್ತು ನಿಮಿಷಗಳಲ್ಲಿ ತಲುಪಿದೆವು. ಚಾಚಾ ಮಾತ್ರ ಮರದ ಕೆಳಗೇ ಕೂತಿದ್ದರು. ಅಂದಿನಿಂದ ಪ್ರತಿ ಸಲವೂ ಹಾಗೆಯೇ ಕಂಡರು. ಕೆಲಸವಿಲ್ಲದಿದ್ದರೂ ಎಲ್ಲ ರೈಲುಗಳ ಹೊತ್ತಿಗೂ ಅಲ್ಲಿ ಬಂದು ಕೂರುತ್ತಾರೆ, ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಸೊಸೆ ಹೇಳಿದಳು. ಹುರಳಿಯ ಚೀಲ ಮನೆಯ ಗೂಟಕ್ಕೆ ಹಾಗೇ ತೂಗುಬಿದ್ದಿತ್ತು, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ.

ಕ್ರಿಸ್ಮಸ್ಸಿನ ಮುಂಚಿನ ಶನಿವಾರ ನಾವು ಅವರ ಪಕ್ಕದಲ್ಲಿ ಕೂತು, "ಚಾಚಾ, ನಮ್ಮ ಮೇಲೆ ಬೇಸರವೇ?" ಎಂದು ಕೇಳಿದೆವು.

"ಬ್ಯಾಸರ ಯಾಕ್ರಿ? ನೀವು ಖರೇನ ಹೇಳಿದ್ರಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮಗ ಹೇಳಿದ, ನೀವು ಹೇಳಿದ್ರಿ, ನಾ ಹೂಂ ಅಂದೆ. ಅದನ್ನ ಯಾರ್ ಕೇಳಿದ್ರು ಫಾದರ್ ಸಾಬ್? ಹತ್ತು ವರ್ಷ ದುಡದದ. ಅದರ ಹಗ್ಗ ಬ್ಯಾರೆಯವರ ಕೈಯಾಗ ಕೊಟ್ಟಾಗ ಅದು ಹಿಂದ ತಿರುಗಿ ನೋಡ್ತು, ನಾನೂ ಬರ್ತೀನಿ ಅಂತ ತಿಳಕೊಂಡಿತ್ತು."

ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡದಲ್ಲಿ ಬಿಳಾಮನ ಕತ್ತೆಯ ಪ್ರಸಂಗ ನಿಮಗೆ ಗೊತ್ತಿದೆ. ದೇವದೂತನನ್ನು ಕಂಡು ದಾರಿಯಲ್ಲಿ ನಿಂತ ಕತ್ತೆಯನ್ನು ಬಿಳಾಮ ಮೂರು ಸಲ ಹೊಡೆಯುತ್ತಾನೆ. ಅದಕ್ಕೆ ಬಾಯಿ ಬಂದಾಗ, ಇಷ್ಟು ಕಾಲ ಒಡೆಯನನ್ನು ಹೊತ್ತು ತಿರುಗಿದ್ದನ್ನು ಅದು ನೆನಪಿಸುತ್ತದೆ. ಆ ಪ್ರಸಂಗದ ಮೇಲೆ ನಾವು ಹಲವು ಸಲ ಪ್ರಬೋಧನೆ ಮಾಡಿದ್ದುಂಟು. ಪ್ರವಾದಿಗೆ ಕಾಣದ್ದು ಪ್ರಾಣಿಗೆ ಕಂಡಿತು ಎಂಬುದನ್ನೇ ಎತ್ತಿ ಹೇಳುತ್ತಿದ್ದೆವು. ಕತ್ತೆಯ ಆ ಮಾತು ನಮ್ಮ ಕಿವಿಗೆ ಬಿದ್ದದ್ದು ಅಂದು, ಆ ಬೇವಿನ ಮರದ ಕೆಳಗೆ.

ಜನವರಿಯಲ್ಲಿ ನಾವು ಒಬ್ಬರ ಮೋಟಾರ್ ಸೈಕಲ್ಲು ಬೇಡಿ ತಂದು ಚಾಚಾರನ್ನು ಹಿಂದೆ ಕೂರಿಸಿಕೊಂಡು ಕುರಿಗಾರರನ್ನು ಹುಡುಕಲು ಹೊರಟೆವು. ಸುಗ್ಗಿಯ ನಂತರ ಕುರಿಗಾರರು ಹೊಲದಿಂದ ಹೊಲಕ್ಕೆ ಮಂದೆ ಸಾಗಿಸುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ನೆಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳವೋ ದುಡ್ಡೋ. ಅವರ ಮನೆಯೆಲ್ಲ ತಟ್ಟುಗಳ ಬೆನ್ನ ಮೇಲೆ: ಕಂಬಳಿ, ಬಲೆ, ಪಾತ್ರೆ, ಕಾಲು ಕಟ್ಟಿದ ಕೋಳಿಗಳು, ನಡೆಯಲಾರದ ಎಳೆಯ ಮರಿಗಳು. ದಖ್ಖನ್ನಿನ ಈ ಗಿಡ್ಡ ಕುದುರೆಗೆ ದೊಡ್ಡ ವಂಶವೇ ಇದೆ. ಭೀಮಾ ತೀರದ ಕುದುರೆ ಎಂದೇ ಇದಕ್ಕೆ ಮಹಾರಾಷ್ಟ್ರದಲ್ಲಿ 'ಭೀಮಥಡಿ' ಎಂಬ ಹೆಸರು. ನಮ್ಮ 'ತಡಿ'ಯೇ ಆ 'ಥಡಿ'. ಮರಾಠರ ದಂಡಿಗೆ ಹೆಸರು ತಂದ ಕುದುರೆ. ಕೆಲವೇ ವರ್ಷಗಳ ಹಿಂದೆ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಬ್ಯೂರೊ ಅದನ್ನು ಪ್ರತ್ಯೇಕ ತಳಿ ಎಂದು ದಾಖಲಿಸಿತು. ಆ ತಳಿ ಅಳಿಯದೆ ಉಳಿದದ್ದು ಬಹುಮಟ್ಟಿಗೆ ಅಲೆಮಾರಿ ಕುರಿಗಾರರಿಂದ. ಭೀಮೆ ಹರಿದು ಬಂದು ಕೃಷ್ಣೆಯನ್ನು ಸೇರುವುದು ಕೃಷ್ಣಾ ಸ್ಟೇಷನ್ನಿಗೆ ಸಮೀಪದಲ್ಲೇ. ಮೋತಿ ಯಾವ ತಳಿ ಎಂದು ನಾವು ಹೇಳಲಾರೆವು. ಚಾಚಾರಿಗೆ ಅದು ಬೇಕಾಗಿಯೂ ಇರಲಿಲ್ಲ.

ಎರಡು ಬಿಡಾರಗಳಲ್ಲಿ ಇಲ್ಲವೆಂದರು. ಸಂಜೆಯ ಹೊತ್ತಿಗೆ ಮುಡುಮಾಲ್ ಊರಿನ ಹತ್ತಿರ ಮೂರನೆಯದು ಸಿಕ್ಕಿತು. ಅಲ್ಲಿ ಆಳೆತ್ತರಕ್ಕೂ ಮೀರಿದ ಕಲ್ಲುಗಳು ಹೊಲದ ನಡುವೆ ನೆಟ್ಟಗೆ ನಿಂತಿವೆ. ಸಾವಿರಾರು ವರ್ಷಗಳ ಹಿಂದಿನ ಜನ ನೆಟ್ಟ ಕಲ್ಲುಗಳವು. 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದವು. ನಾವು ಅಂದು ನೋಡಿದಾಗ ಕುರಿಗಳು ಅವಕ್ಕೆ ಮೈ ಉಜ್ಜುತ್ತಿದ್ದವು. ಇಂಥ ಶಿಲಾ ಸಮಾಧಿಗಳ ಕಾಲದ ಜನ ನಾಗಪುರದ ಹತ್ತಿರದ ಮಾಹುರ್ಝರಿಯಲ್ಲಿ ಕುದುರೆಗಳನ್ನೂ ತಾಮ್ರದ ಆಭರಣ ತೊಡಿಸಿ ಹೂಳಿದ್ದರೆಂದು ಆಮೇಲೆ ಓದಿದೆವು. ಪ್ರೀತಿಗೋ, ದೊಡ್ಡಸ್ತಿಕೆಗೋ, ಬಲ್ಲವರಾರು.

ಕಾಲಿಗೆ ಹಗ್ಗ ತೊಡರಿಸಿ ಮೇಯಲು ಬಿಟ್ಟಿದ್ದ ನಾಲ್ಕು ತಟ್ಟುಗಳಿದ್ದವು. ದೂರದಿಂದ ನಮಗೆ ಎಲ್ಲವೂ ಒಂದೇ ಬಣ್ಣವಾಗಿ ಕಂಡವು. ಚಾಚಾ ಗಾಡಿಯಿಂದಿಳಿದು ಗಂಟಲು ಸರಿಮಾಡಿಕೊಂಡರು, ಬೀಡಿಯ ಕೆಮ್ಮು. ಕರೆಯಲೂ ಇಲ್ಲ. ಅಷ್ಟಕ್ಕೇ ಒಂದು ತಲೆ ಮೇಲೆದ್ದಿತು, ಎರಡೂ ಕಿವಿ ಮುಂದಕ್ಕೆ ಬಂದವು, ಮೂಗಿನೊಳಗೇ ಒಂದು ಗುರುಗುರು ಸದ್ದು. ಕಟ್ಟಿದ ಕಾಲಲ್ಲೇ ಕುಪ್ಪಳಿಸುತ್ತಾ ಮೋತಿ ಬಂತು. ಚಾಚಾ ಹೆಗಲಿನ ಕಡೆಯಿಂದ ಸರಿದು, ಅದೇ ಜಾಗವನ್ನು ಬೆರಳುಗಳಿಂದ ಕೆರೆಯತೊಡಗಿದರು. ಕೆಳತುಟಿ ಜೋತುಬಿತ್ತು. ಇಬ್ಬರೂ ಹಾಗೆ ಎಷ್ಟು ಹೊತ್ತು ನಿಂತರೋ. ನಾವು ಕುರಿಗಾರನ ಬಳಿ ಹೋಗಿ, ಕೊಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ ಕೊಡುತ್ತೇವೆ, ಹಿಂದಕ್ಕೆ ಕೊಡಬಹುದೇ ಎಂದು ಮೆಲ್ಲಗೆ ವಿಚಾರಿಸಿದೆವು. ಹೇಗಾದರೂ ಹೊಂದಿಸಬಹುದು ಎಂಬ ಧೈರ್ಯ ನಮಗೆ. ಅವನು ತಲೆ ತುರಿಸಿಕೊಂಡು ಹೆಂಡತಿಯ ಕಡೆ ನೋಡಿದ.

ಅಷ್ಟರಲ್ಲಿ ದೂರದಿಂದ ಒಂದು ಕಂದು ಹೆಣ್ಣು ಕುದುರೆ ಕೆನೆಯಿತು. ಮೋತಿ ತಲೆಯೆತ್ತಿತು, ಚಾಚಾರ ಎದೆಗೆ ಒಮ್ಮೆ ಮೂತಿ ಒತ್ತಿತು, ಮತ್ತೆ ಕುಪ್ಪಳಿಸುತ್ತಾ ಅದರ ಕಡೆಗೆ ಹೋಯಿತು. ಎರಡೂ ಒಂದರ ಕುತ್ತಿಗೆಯನ್ನು ಇನ್ನೊಂದು ಹಲ್ಲಿನಿಂದ ಕೆರೆಯುತ್ತಾ ನಿಂತವು. ಹತ್ತು ವರ್ಷ ಟಾಂಗಾ ಎಳೆದ ಮೋತಿಗೆ ಅಷ್ಟು ಕಾಲವೂ ಇನ್ನೊಂದು ಕುದುರೆಯ ಮೈ ತಾಗಿರಲಿಲ್ಲ ಎಂಬುದು ನಮಗೆ ಆಗ ಹೊಳೆಯಿತು.

ಚಾಚಾ ಅದನ್ನೇ ನೋಡುತ್ತಿದ್ದರು. ನಾವು ಹಿಂದಕ್ಕೆ ಪಡೆಯುವ ಮಾತೆತ್ತಿದೆವು. "ಬ್ಯಾಡ್ರಿ," ಎಂದರು. "ಅದಕ ಜೋಡಿ ಆಗ್ಯಾದ."

ಆಮೇಲೆ ಅವರು ಅಂಗಿಯ ಒಳಗಿನಿಂದ ಏನನ್ನೋ ತೆಗೆದರು. ಗೂಟಕ್ಕೆ ತೂಗುಹಾಕಿದ್ದ ಆ ಹುರಳಿಯ ಚೀಲ. ಅದನ್ನು ತಂದಿದ್ದಾರೆಂದು ನಮಗೆ ದಾರಿಯುದ್ದಕ್ಕೂ ತಿಳಿದಿರಲಿಲ್ಲ. ಕುರಿಗಾರನ ಹೆಂಡತಿಯ ಕೈಗೆ ಕೊಟ್ಟು, "ಇದರಾಗ ಹಾಕಿ ತಿನ್ನಸವ್ವ ತಂಗಿ. ನೆಲದ ಮ್ಯಾಲ ಚೆಲ್ಲಿದ್ರ ಕಾಳಿನ ಕೂಡ ಮಣ್ಣು ತಿಂತದ, ಹೊಟ್ಟಿ ನೋವು ಬರ್ತದ ಅದಕ" ಎಂದರು. ಆಕೆ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹರಿದಿದ್ದ ಒಂದು ಮೂಲೆಗೆ ಬೆರಳು ತೂರಿಸಿ, "ಹೊಲಿಗಿ ಬಿಟ್ಟೈತಲ್ಲೋ ಅಣ್ಣಾ, ನಾ ಹಾಕ್ತೀನಿ ತಗಿ" ಎಂದು ಕಂಬಳಿಯ ಗಂಟಿನಿಂದ ಸೂಜಿ ಹುಡುಕತೊಡಗಿದಳು. ಹೊಲಿಗೆ ಮುಗಿಯುವವರೆಗೆ ಚಾಚಾ ಅಲ್ಲೇ ಕೂತರು. ಕತ್ತಲಾಗುತ್ತದೆ, ದಾರಿ ಸರಿಯಿಲ್ಲ ಎಂದು ಹೇಳಬೇಕೆಂದುಕೊಂಡೆವು. ಹೇಳಲಿಲ್ಲ. ನಾವೂ ಕೂತೆವು.